ತಿರುವಿ ಹಾಕದ ಕ್ಯಾಸೆಟ್ಟು

ನಮ್ಮ ಸಂಪಾದಕರು ಮೂರು ಸಲ ಫೋನ್ ಮಾಡಿ, “ಡಾಕ್ಟ್ರೇ, ಬಿ.ಪಿ., ಷುಗರ್ ಬಿಟ್ಟು ಬೇರೆ ಏನಾದರೂ ಬರೆಯಿರಿ” ಎಂದು ತಾಕೀತು ಮಾಡಿದ್ದಾರೆ. ಹಾಗಾಗಿ ಬೀಟಲ್ಸ್ ಬಗ್ಗೆ.

ಊರಿನಿಂದ ಬಂದವರಿಗೆ ಗೋಲ್ಡನ್ ಗೇಟ್ ತೋರಿಸಲು ನಾವೆಲ್ಲ 101ರಲ್ಲಿ ಹೋಗುತ್ತೇವಲ್ಲ, ಏರ್‌ಪೋರ್ಟ್ ದಾಟಿ ಸ್ವಲ್ಪ ಮುಂದೆ ಬಲಗಡೆ, ನೀರಿನ ಅಂಚಿನಲ್ಲಿ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಎಂಬ ಕ್ರೀಡಾಂಗಣವಿತ್ತು. 2015ರಲ್ಲಿ ಕೆಡವಿದರು. ಲಿವರ್‌ಪೂಲಿನ ಆ ನಾಲ್ವರು ಟಿಕೆಟ್ ಇಟ್ಟು ನಡೆಸಿದ ಕಟ್ಟಕಡೆಯ ಕಛೇರಿ ಅಲ್ಲಿಯೇ, 1966ರ ಆಗಸ್ಟ್ 29ರ ರಾತ್ರಿ. ಹಾಡಿದ್ದು ಹನ್ನೊಂದೇ ಹಾಡು, ಅರ್ಧ ಗಂಟೆಗಿಂತ ತುಸು ಹೆಚ್ಚು. ಬಂದವರು ಸುಮಾರು 25,000 ಜನ. ಎಷ್ಟೋ ಕುರ್ಚಿಗಳು ಖಾಲಿ. ಇದೇ ಕೊನೆಯದೆಂದು ಕೇಳುಗರಿಗೆ ಯಾರೂ ಹೇಳಿರಲಿಲ್ಲ.

ನನಗೆ ಇವರ ಪರಿಚಯವಾದದ್ದು ಹುಬ್ಬಳ್ಳಿ ಕೆ.ಎಂ.ಸಿ. ಹಾಸ್ಟೆಲಿನಲ್ಲಿ, ಒಬ್ಬ ಸೀನಿಯರ್‌ನ ಕ್ಯಾಸೆಟ್ಟಿನಿಂದ. ಪದ ಅರ್ಧ ತಿಳಿಯುತ್ತಿರಲಿಲ್ಲ, ಕಾಲು ಮಾತ್ರ ತಾನಾಗಿ ತಾಳ ಹಾಕುತ್ತಿತ್ತು.

ಕಿವಿ ಮಂದವಾಯಿತೆಂದು ಬಂದ ನನ್ನ ಪೇಷೆಂಟ್ ಒಬ್ಬರು ಆ ರಾತ್ರಿ ಕ್ಯಾಂಡಲ್‌ಸ್ಟಿಕ್‌ನಲ್ಲಿದ್ದರಂತೆ. ಹೇಗೆ ಹಾಡಿದರು ಎಂದು ಆಸೆಯಿಂದ ಕೇಳಿದೆ. “ಒಂದೂ ಕೇಳಿಸಲಿಲ್ಲ ಡಾಕ್ಟರ್, ನಾನೇ ಕಿರುಚುತ್ತಿದ್ದೆನಲ್ಲ!” ಎಂದು ನಕ್ಕುಬಿಟ್ಟರು. ಕಿವಿಯ ದೋಷಕ್ಕೂ ಆ ಕಿರುಚಾಟಕ್ಕೂ ಸಂಬಂಧವಿಲ್ಲ ಬಿಡಿ, ಅದು ವಯಸ್ಸಿನದು.

ಆದರೆ ಪಾಲ್ ಮೆಕಾರ್ಟ್ನಿಗೆ ಏನೋ ಅನಿಸಿರಬೇಕು. ತಮ್ಮ ಪ್ರಚಾರದ ಕೆಲಸ ನೋಡುತ್ತಿದ್ದ ಟೋನಿ ಬ್ಯಾರೋ ಅವರಿಗೆ, ಇವತ್ತಿನದನ್ನು ಟೇಪ್ ಮಾಡಿಕೊಳ್ಳಿ ಎಂದು ಹೇಳಿದರು. ಬ್ಯಾರೋ ಪುಟ್ಟ ರೆಕಾರ್ಡರ್ ಹಿಡಿದು ಮೈದಾನದಲ್ಲಿ ನಿಂತರು. ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ. ಅವರು ತಿರುವಿ ಹಾಕಲಿಲ್ಲ. ಕೊನೆಯ ಹಾಡು ‘ಲಾಂಗ್ ಟಾಲ್ ಸ್ಯಾಲಿ’ ನಡುವೆಯೇ ಕತ್ತರಿಸಿಹೋಯಿತು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

1995ರಲ್ಲಿ ನಾನು ಮಿಷಿಗನ್‌ನಲ್ಲಿ ರೆಸಿಡೆನ್ಸಿಗೆ ಸೇರಿದಾಗ ಫೋನ್ ಮಾಡುವುದೆಂದರೆ ಗಡಿಯಾರ ನೋಡಿಕೊಂಡೇ. ಧಾರವಾಡದಿಂದ ಅಮ್ಮ, ಬರುವವರೊಬ್ಬರ ಕೈಯಲ್ಲಿ ಒಂದು ಕ್ಯಾಸೆಟ್ ಕಳಿಸಿದಳು. ಮೂವತ್ತು ನಿಮಿಷ ಅಮ್ಮನ ಮಾತು: ಓಣಿಯ ಸುದ್ದಿ, ತಂಗಿಗೆ ಬಂದ ಗಂಡು, ಹಿಂದೆ ಕುಕ್ಕರಿನ ಸೀಟಿ. ಕಡೆಗೆ ದನಿ ತಗ್ಗಿಸಿ, “ಇನ್ನೊಂದ ಮಾತು ಹೇಳೋದಿತ್ತು ನಿನಗ, ನಿಮ್ಮ ಅಪ್ಪಗ...” ಅಷ್ಟೇ. ಟಕ್ ಎಂದು ನಿಂತಿತು. ಇನ್ನೊಂದು ಬದಿಯಲ್ಲಿ ಅಪ್ಪ ರೇಡಿಯೋದಿಂದ ತುಂಬಿಸಿಕೊಂಡಿದ್ದ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ. ಅದನ್ನು ಅಳಿಸಲು ಅಮ್ಮನಿಗೆ ಧೈರ್ಯ ಬಂದಿರಲಿಕ್ಕಿಲ್ಲ.

ಎರಡು ವರ್ಷದ ಮೇಲೆ ಊರಿಗೆ ಹೋದಾಗ ಕೇಳಿದೆ. “ಯಾವ ಮಾತೋ? ನೆನಪಿಲ್ಲ ಬಿಡು, ಚಾ ಆರತೈತಿ ಕುಡಿ” ಎಂದಳು. ಅಪ್ಪನ ಮುಖ ನೋಡಿದೆ. ಅವರು ಪೇಪರ್ ಓದುತ್ತಿದ್ದರು. ನಾನು ಮತ್ತೆ ಕೇಳಲಿಲ್ಲ. ಈಗ ಇಬ್ಬರೂ ಇಲ್ಲ.

ಕ್ಯಾಸೆಟ್ಟು ಇದೆ. ಮಗ ಅದನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆ ಎನ್ನುತ್ತಾನೆ, ಆದರೆ ನುಡಿಸುವ ಯಂತ್ರ ಮನೆಯಲ್ಲಿಲ್ಲ. ನಿಮ್ಮಲ್ಲಿ ಯಾರ ಗ್ಯಾರೇಜಿನಲ್ಲಾದರೂ ಹಳೆಯ ಟೇಪ್‌ರೆಕಾರ್ಡರ್ ಇದ್ದರೆ ದಯವಿಟ್ಟು ದೀಪಾವಳಿ ಕಾರ್ಯಕ್ರಮಕ್ಕೆ ತನ್ನಿ, ವಾರದೊಳಗೆ ಹಿಂತಿರುಗಿಸುತ್ತೇನೆ. ಟೇಪು ನುಂಗುವಂಥದ್ದು ಮಾತ್ರ ಬೇಡ.