ಬಲ ಮುಚ್ಚಿಟ್ಟ ಕಾರು

ಪರೀಕ್ಷೆಯ ಹಿಂದಿನ ದಿನ 'ಏನೂ ಓದಿಲ್ಲ ಕಣೋ' ಎಂದು ಗೋಳಾಡುವ ಹುಡುಗ, ಫಲಿತಾಂಶದ ದಿನ ಎಲ್ಲರಿಗಿಂತ ಮುಂದಿರುತ್ತಾನೆ. ಈ ಜಾಣತನ ಮಕ್ಕಳಿಗಷ್ಟೇ ಮೀಸಲಲ್ಲ. ಅಮೆರಿಕದ ಕಾರುಗಳಿಗೂ ಉಂಟು!

ಅಲ್ಲಿ ಡ್ರ್ಯಾಗ್ ರೇಸ್ ಎಂಬ ಪಂದ್ಯವಿದೆ. ತಿರುವಿಲ್ಲದ ನೇರ ದಾರಿ, ಒಮ್ಮೆಗೆ ಎರಡೇ ಕಾರು. ಹಳೆಯ ರೂಢಿಯ ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. 1951ರಲ್ಲಿ ವಾಲಿ ಪಾರ್ಕ್ಸ್ ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಇದಕ್ಕೆ ನಿಯಮ ರೂಪಿಸುತ್ತದೆ. ಸಂಸಾರಸ್ಥರ ಸ್ಟೇಷನ್ ವ್ಯಾಗನ್ ಪಕ್ಕದಲ್ಲಿ ಬಲಶಾಲಿ ಮಸ್ಟಾಂಗ್ ನಿಲ್ಲಿಸಿ ಓಡಿಸಿದರೆ ಅದು ನ್ಯಾಯವೇ? ಅದಕ್ಕೇ ಕಾರ್ಖಾನೆಯಲ್ಲಿ ತಯಾರಾದ ಸಾಮಾನ್ಯ ಕಾರುಗಳ 'ಸ್ಟಾಕ್' ವಿಭಾಗದಲ್ಲಿ ಒಂದು ಭಾಗಾಕಾರದ ಲೆಕ್ಕ. ತೂಕವನ್ನು ಅಶ್ವಶಕ್ತಿಯಿಂದ ಭಾಗಿಸುವುದು. 3,200 ಪೌಂಡಿನ ಕಾರಿಗೆ 320 ಅಶ್ವಶಕ್ತಿಯಿದ್ದರೆ ಒಂದೊಂದು ಕುದುರೆಯ ಪಾಲಿಗೆ 10 ಪೌಂಡು ಹೊರೆ. ಹೊರೆ ಹಗುರವಾದಷ್ಟೂ ಕಾರಿನ ತರಗತಿ ಮೇಲೇರುತ್ತದೆ. ಸರಿಸುಮಾರು ಸಮಬಲದವರು ಒಂದೇ ತರಗತಿಯಲ್ಲಿ ಸೇರುತ್ತಾರೆ.

ತೂಕವನ್ನೇನೋ ತಕ್ಕಡಿ ಹೇಳುತ್ತದೆ. ಅಶ್ವಶಕ್ತಿಯನ್ನು ಹೇಳುವವರು ಯಾರು? ಮೊದಲಿಗೆ ಕಾರ್ಖಾನೆಯ ಮಾತೇ ಆಧಾರವಾಗಿತ್ತು. 1968ರಲ್ಲಿ ಫೋರ್ಡ್ ಕಂಪನಿ ತನ್ನ ಹೊಸ 'ಕೋಬ್ರಾ ಜೆಟ್' ಎಂಜಿನ್ನಿನ ಬಲ 335 ಅಶ್ವಶಕ್ತಿ ಎಂದಿತು. ಬಲ್ಲವರ ಅಂದಾಜು 400ಕ್ಕೂ ಮೇಲೆ. ಅದೇ ವರ್ಷ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ಆ ಎಂಜಿನ್ನಿನ ಮಸ್ಟಾಂಗ್ ಓಡಿಸಿದ ಆಲ್ ಜೋನಿಯೆಕ್ 'ಸೂಪರ್ ಸ್ಟಾಕ್' ವಿಭಾಗವನ್ನೇ ಗೆದ್ದರು. ಮುಚ್ಚಿಟ್ಟ ಬಲ ಹಾದಿಯಲ್ಲಿ ಬಯಲಾಯಿತು. ಕಾರ್ಖಾನೆಯ ಅಂಕಿಯನ್ನು ಬದಿಗಿಟ್ಟು, ಓಟದ ವೇಗ ನೋಡಿ ಅಶ್ವಶಕ್ತಿಯನ್ನು ತಾನೇ ಏರಿಸುವ ಕ್ರಮವನ್ನು ಸಂಸ್ಥೆ ಬೆಳೆಸಿಕೊಂಡಿತು.

ಆಗ ಹುಟ್ಟಿತು ಇನ್ನೊಂದು ಜಾಣತನ. ವೇಗವಾಗಿ ಓಡಿದರೆ ಅಂಕಿ ಏರುತ್ತದೆ, ಅಂಕಿ ಏರಿದರೆ ಮುಂದಿನ ಪಂದ್ಯ ಕಷ್ಟ. ಹಾಗಾಗಿ ಗೆಲುವು ಖಚಿತವಾದೊಡನೆ ಗೆರೆ ದಾಟುವ ಮುನ್ನವೇ ಬ್ರೇಕ್ ಒತ್ತುವವರುಂಟು. ಗೆದ್ದರು ನಿಜ, ಆದರೆ ತಮ್ಮ ಕಾರು ಎಷ್ಟು ಓಡಬಲ್ಲದೆಂದು ಆ ದಿನ ಅವರಿಗೂ ತಿಳಿಯಲಿಲ್ಲ.

'ಏನೂ ಓದಿಲ್ಲ' ಎನ್ನುವ ಹುಡುಗನ ಭಯವೂ ಇದೇ ಇರಬಹುದು. ಈ ಸಲ 90 ತಂದರೆ ಮುಂದಿನ ಸಲ ಅಪ್ಪ 95 ಕೇಳುತ್ತಾರೆ! ಪಕ್ಕದ ಮನೆಯವನ ಅಂಕಪಟ್ಟಿ ತೋರಿಸಿ ಮಗನನ್ನು ಗದರುವ ಮೊದಲು ತಂದೆ ಒಮ್ಮೆ ಭಾಗಿಸಿ ನೋಡಲಿ, ಇಬ್ಬರ ಹೊರೆಯೂ ಒಂದೇ ಏನು? ಮಗನೂ ಒಮ್ಮೆಯಾದರೂ ಬ್ರೇಕ್ ಒತ್ತದೆ ಗೆರೆ ದಾಟಲಿ. ತನ್ನ ಬಲ ತನಗಾದರೂ ತಿಳಿಯಬೇಡವೇ?