ಗ್ವಾಡಿಗೆ ಯಾಕ ನೀರು ಹೊಡಿತಾರ?

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮಾನ್ವಿಯ ಒಂದು ಪ್ರೌಢಶಾಲೆ. ಹತ್ತನೇ ತರಗತಿ, ರಾಸಾಯನಿಕ ಕ್ರಿಯೆಗಳ ಘಟಕ. ಭೌತ ಬದಲಾವಣೆ ವಿವರಿಸುವಾಗ ಪಾಠಯೋಜನೆಯಲ್ಲಿ ಇಲ್ಲದ ಉದಾಹರಣೆಯೊಂದು ಬಾಯಿಗೆ ಬಂತು: "ನೀರು ಆರಿದಾಗ ಸಿಮೆಂಟ್ ಗಟ್ಟಿಯಾಗುತ್ತದಲ್ಲ, ಹಾಗೆ."

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸರ್, ನೀರು ಆರಿದ್ರ ಗಟ್ಟಿ ಆಗ್ತದಂದ್ರ, ನಮ್ಮಪ್ಪ ಹೊಸ ಗ್ವಾಡಿಗೆ ದಿನಾ ಯಾಕ ನೀರು ಹೊಡಿತಾನ್ರಿ?" ಆಕೆಯ ತಂದೆ ಗೌಂಡಿ. "ಬಿರುಕು ಬೀಳಬಾರದೂಂತ" ಎಂದು ಮುಂದೆ ಹೋದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಅವಳು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಸಂಜೆ ರಾಯಚೂರಿಗೆ ಮರಳಿ ಗ್ರಂಥಾಲಯದಲ್ಲಿ ಕುಳಿತೆ. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರಿನೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಂದಿಗೆ ವರ್ತಿಸಿ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಮತ್ತು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಉಂಟಾಗುತ್ತವೆ, ಉಷ್ಣವೂ ಬಿಡುಗಡೆಯಾಗುತ್ತದೆ. ಮರಳನ್ನು ಹಿಡಿದಿಡುವ ಅಂಟು ಆ ಹೈಡ್ರೇಟೇ. ಕೆಲವು ಗಂಟೆಗಳಲ್ಲಿ ಬಿಗಿದರೂ ಬಲ ಕೂಡುವುದು ನಿಧಾನ. 28ನೇ ದಿನದ ಬಲವನ್ನು ಅಳತೆಯಾಗಿ ಹಿಡಿಯುತ್ತಾರೆ. ನಡುವೆ ನೀರು ಆವಿಯಾದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ನಮ್ಮಂಥ ಬಿಸಿಲೂರಿನ ಕಾಂಕ್ರೀಟಿಗೆ ಐಎಸ್ 456 ಕನಿಷ್ಠ 10 ದಿನ ನೀರುಣಿಸಲು ಹೇಳುತ್ತದೆ. ಶಕ್ತಿನಗರದಂಥ ಶಾಖೋತ್ಪನ್ನ ಸ್ಥಾವರಗಳ ಹಾರುಬೂದಿ ಬೆರೆತ ಸಿಮೆಂಟಾದರೆ 14 ದಿನ.

ಭಾನುವಾರ ದೇವದುರ್ಗಕ್ಕೆ ಹೋದಾಗ ನಮ್ಮ ಕಂಪೌಂಡ್ ಗೋಡೆಯನ್ನು ಉಗುರಿನಿಂದ ಕೆರೆದೆ. ಪುಡಿ ಉದುರಿತು. ಬೇಸಿಗೆಯಲ್ಲಿ ಕಟ್ಟಿಸಿದ್ದು, ನೀರಿನ ಅಭಾವದಿಂದ ಮೂರೇ ದಿನಕ್ಕೆ ನೀರು ಹೊಡೆಯುವುದನ್ನು ನಿಲ್ಲಿಸಿದವನು ನಾನೇ.

ಮರುದಿನ ತರಗತಿಯಲ್ಲಿ, "ನಾನು ಹೇಳಿದ್ದು ತಪ್ಪು, ಅದು ರಾಸಾಯನಿಕ ಬದಲಾವಣೆ" ಎಂದೆ. ಕೈಗವಸು ಹಾಕಿಕೊಂಡು ಸಿಮೆಂಟ್, ಮರಳು ಕಲಸಿ ಎರಡು ತೆಳು ಬಿಲ್ಲೆ ಮಾಡಿದೆ. ಬಿಗಿದ ಮೇಲೆ ಒಂದನ್ನು ನೀರಿನಲ್ಲಿ ಮುಳುಗಿಸಿ, ಇನ್ನೊಂದನ್ನು ಬಿಸಿಲಿಗಿಟ್ಟೆವು. ವಾರದ ನಂತರ ಆ ಹುಡುಗಿಯೇ ಮೊಳೆಯಿಂದ ಕೆರೆದಳು. ಬಿಸಿಲಿನದರಿಂದ ಪುಡಿ ಬಂತು. ನೀರಿನೊಳಗಿನದರ ಮೇಲೆ ಬರೀ ಗೆರೆ ಮೂಡಿತು. ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು, ಕಂಬಕ್ಕೆ ಹಸಿ ಗೋಣಿಚೀಲ ಸುತ್ತುವುದನ್ನು ಅವಳೇ ಎಲ್ಲರಿಗೂ ವಿವರಿಸಿದಳು.

ಪಾಠಯೋಜನೆಯ 'ಪೂರ್ವಜ್ಞಾನ' ಅಂಕಣವನ್ನು ಅಲ್ಲಿಯವರೆಗೆ ನಾನು ರಾತ್ರಿ ಕೋಣೆಯಲ್ಲಿ ಕುಳಿತು ತುಂಬುತ್ತಿದ್ದೆ. ಈಗ ಮೊದಲು ಮಕ್ಕಳನ್ನು ಕೇಳುತ್ತೇನೆ, ಆಮೇಲೆ ಬರೆಯುತ್ತೇನೆ.