ಗಣಕಭಾಷೆಗೆ ಲಕ್ಷಣ

ಬೀಜಗಣಿತವನ್ನು ಓದಿದ ಬಾಲಕನ ಮುಂದೆ 'ಕ = ಕ + ೧' ಎಂದು ಬರೆದರೆ, ಯಾವ ಸಂಖ್ಯೆಯೂ ತನಗಿಂತ ತಾನೇ ಒಂದು ಹೆಚ್ಚಾಗಿರಲಾರದೆಂದು ಅವನು ನಗುವನು. ಆದರೆ ೧೯೬೦ರಲ್ಲಿ ಸುರತ್ಕಲ್ಲಿನಲ್ಲಿ ಸ್ಥಾಪಿತವಾಗಿ, ಈಗ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೆನಿಸಿರುವ ವಿದ್ಯಾಲಯದಲ್ಲಿ ಕಂಪ್ಯೂಟರ್ ಶಾಸ್ತ್ರವನ್ನು ಕಲಿಯುವವರೂ, ಮಂಗಳೂರಿನ ಮನೆಗಳಿಂದ ದಿನವೂ ಗಣಕೋದ್ಯಮದ ಕಾರ್ಯಾಲಯಗಳಿಗೆ ಹೋಗಿಬರುವ ತರುಣ ತರುಣಿಯರೂ ಇಂತಹ ವಾಕ್ಯವನ್ನು ನಿಸ್ಸಂಕೋಚವಾಗಿ ಬರೆಯುವರು. ಅವರ ವ್ಯವಹಾರದಲ್ಲಿ ಇದೊಂದು ಆಜ್ಞೆ: ಕ ಎಂಬ ಹೆಸರಿನ ಸ್ಥಾನದಲ್ಲಿರುವ ಸಂಖ್ಯೆಗೆ ಒಂದನ್ನು ಕೂಡಿಸಿ, ಬಂದುದನ್ನು ಅಲ್ಲಿಯೇ ಇರಿಸತಕ್ಕದ್ದು. ಹಳೆಯ ಚಿಹ್ನೆಗೆ ಇಲ್ಲಿ ಬೇರೊಂದು ಅರ್ಥ ಬಂದಿತು. ಆ ಅರ್ಥವನ್ನು ನಿಶ್ಚಯಿಸತಕ್ಕವರು ಯಾರು? ಯಾವ ಪ್ರಮಾಣದಿಂದ?

ಲೋಕದ ಭಾಷೆಗಳಿಗೆ ವೃದ್ಧವ್ಯವಹಾರವೇ ಪ್ರಮಾಣ. ಹಿರಿಯರ ಮಾತನ್ನು ಕೇಳಿ ಮಗುವು ಅರ್ಥವನ್ನು ಗ್ರಹಿಸುವುದು. ಕೋಶಕಾರನು ಆ ವ್ಯವಹಾರವನ್ನೇ ಸಂಗ್ರಹಿಸುವನು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಪ್ರಕಟಿಸಿದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶವು ಈ ಬಗೆಯ ಮಹಾಪ್ರಯತ್ನ. ಅಲ್ಲಿ ಒಂದು ಪದಕ್ಕೆ ಇತರ ಪದಗಳೇ ವಿವರಣೆ. ಉಳಿದುದನ್ನು ಓದುಗನ ವಿವೇಕವು ತುಂಬಿಕೊಳ್ಳುವುದು. ಯಂತ್ರಕ್ಕೆ ಆ ವಿವೇಕವಿಲ್ಲ. ಋಣ ಏಳನ್ನು ಎರಡರಿಂದ ಭಾಗಿಸಿ ಪೂರ್ಣಾಂಕವನ್ನು ಹೇಳೆಂದರೆ, ಪೈಥಾನ್ ಎಂಬ ಭಾಷೆಯಲ್ಲಿ ಉತ್ತರವು ಋಣ ೪. ಸಿ ಎಂಬ ಭಾಷೆಯಲ್ಲಿ, ೧೯೯೯ರ ನಿರ್ಣಯದಂತೆ, ಋಣ ೩. ಅದಕ್ಕೂ ಮೊದಲು ಸಿ ಭಾಷೆಯಲ್ಲಿ ಈ ಎರಡರೊಳಗೆ ಯಾವುದಾದರೂ ಆಗಬಹುದಾಗಿದ್ದಿತು. ಮನುಷ್ಯನು ಬರೆದುದನ್ನು ಯಂತ್ರದ ಆಜ್ಞೆಗಳಾಗಿ ಅನುವಾದಿಸುವ ಕಂಪೈಲರಿನ ಇಚ್ಛೆಗೆ ಅದು ಬಿಟ್ಟಿದ್ದಿತು. ವಾಕ್ಯ ಒಂದೇ, ಫಲ ಎರಡು! ತನ್ನ ಲೆಕ್ಕವನ್ನು ಇಂತಹ ಭಾಷೆಗೆ ಒಪ್ಪಿಸಿದ ವರ್ತಕನು ಏನನ್ನು ನಂಬಬೇಕು?

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಈ ಸಂಕಟವು ಅಪರಿಚಿತವಲ್ಲ. ಗೋವಿಗೆ ಲಕ್ಷಣವೇನು? ಕಪಿಲವರ್ಣವುಳ್ಳದ್ದು ಎಂದರೆ ಬಿಳಿಯ ಹಸುವು ಹೊರಗುಳಿಯುವುದು; ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಸೇರುವುದು, ಅದು ಅತಿವ್ಯಾಪ್ತಿ. ಒಂಟಿಗೊರಸುಳ್ಳದ್ದು ಎಂದರೆ ಯಾವ ಹಸುವಿಗೂ ಸಲ್ಲದು, ಅದು ಅಸಂಭವ. ಗಂಗೆದೊಗಲುಳ್ಳದ್ದು ಎಂದಾಗ ಮಾತ್ರ ಮೂರು ದೋಷಗಳೂ ನೀಗುವುವು. ಗಣಕಭಾಷೆಗಳ ನಿಯಮಗಳನ್ನು ಬರಿಯ ಗದ್ಯದಲ್ಲಿ ಬರೆದಿಟ್ಟಾಗಲೂ ಇಂತಹ ದೋಷಗಳೇ ನುಸುಳುವುವು. ಋಣಸಂಖ್ಯೆಯ ಭಾಗಾಹಾರವನ್ನು ಹೇಳದೆ ಬಿಟ್ಟುದು ಅವ್ಯಾಪ್ತಿಯಲ್ಲದೆ ಮತ್ತೇನು?

ಈ ದೋಷಕ್ಕೆ ತರ್ಕದಿಂದಲೇ ಪರಿಹಾರವನ್ನು ಹುಡುಕಿದವರಲ್ಲಿ ಇಬ್ಬರು ಮುಖ್ಯರು. ೧೯೬೭ರಲ್ಲಿ ಅಮೆರಿಕದ ರಾಬರ್ಟ್ ಫ್ಲಾಯ್ಡರು ದಾರಿಯನ್ನು ತೋರಿಸಿದರು. ೧೯೬೯ರಲ್ಲಿ ಟೋನಿ ಹೋರ್ ಎಂಬ ಆಂಗ್ಲ ವಿದ್ವಾಂಸರು ಅದನ್ನು ಸೂತ್ರಗಳ ರೂಪಕ್ಕೆ ತಂದರು. ಹೋರರು ೧೯೩೪ರಲ್ಲಿ ಕೊಲಂಬೋದಲ್ಲಿ ಜನಿಸಿದವರು. ಆಕ್ಸ್‌ಫರ್ಡಿನಲ್ಲಿ ಅವರು ಓದಿದುದು ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರ. ಪ್ರಾಚೀನ ಭಾಷೆಗಳನ್ನೂ ತರ್ಕವನ್ನೂ ಓದಿದವನು ನಿರುಪಯೋಗಿಯೆಂದು ನಿಡುಸುಯ್ಯುವ ತಂದೆತಾಯಿಗಳು ಇದನ್ನು ಗಮನಿಸಬಹುದು.

ಹೋರರ ಮತವು ಸಂಕ್ಷೇಪವಾಗಿ ಇಷ್ಟು: ವಾಕ್ಯವು ನಡೆಯುವ ಮೊದಲು ಯಾವುದು ಸತ್ಯವಾಗಿದ್ದರೆ, ನಡೆದ ಬಳಿಕ ಯಾವುದು ಸತ್ಯವಾಗುವುದು ಎಂಬ ಸಂಬಂಧವೇ ಆ ವಾಕ್ಯದ ಅರ್ಥ. ಮೊದಲನೆಯದನ್ನು ಪೂರ್ವಸ್ಥಿತಿಯೆಂದೂ ಎರಡನೆಯದನ್ನು ಉತ್ತರಸ್ಥಿತಿಯೆಂದೂ ಕರೆಯೋಣ. 'ಕ = ಕ + ೧' ನಡೆದ ಮೇಲೆ ಕ ಎಂಬುದು ಹತ್ತಕ್ಕಿಂತ ಹೆಚ್ಚಾಗಿರಬೇಕೆಂದು ಇಚ್ಛಿಸಿದರೆ, ಉತ್ತರಸ್ಥಿತಿಯಲ್ಲಿ ಕ ಇದ್ದಲ್ಲೆಲ್ಲ ಕ + ೧ ಎಂದು ಇಡಬೇಕು. ಆಗ ಕ + ೧ ಹತ್ತಕ್ಕಿಂತ ಹೆಚ್ಚು, ಅಂದರೆ ಕ ಒಂಬತ್ತಕ್ಕಿಂತ ಹೆಚ್ಚು, ಎಂಬ ಪೂರ್ವಸ್ಥಿತಿಯು ದೊರೆಯುವುದು. ಬಾಲಕನನ್ನು ನಗಿಸಿದ ವಾಕ್ಯಕ್ಕೆ ಹೀಗೆ ನಿರ್ದುಷ್ಟವಾದ ಲಕ್ಷಣವಾಯಿತು. ಯಂತ್ರದ ಒಡಲಿನೊಳಗೆ ಇಣಿಕಿ ನೋಡುವ ಅಗತ್ಯವೂ ಉಳಿಯಲಿಲ್ಲ.

ಪುನಃಪುನಃ ನಡೆಯುವ ಕ್ರಿಯೆಗೂ ಲಕ್ಷಣವುಂಟು. ಅಂಗಡಿಯ ಲೆಕ್ಕಿಗನು ಚೀಟಿಯ ಸಾಲುಗಳನ್ನು ಮೇಲಿನಿಂದ ಕೂಡಿಸುತ್ತ ಬರುವಾಗ, 'ಇದುವರೆಗೆ ನೋಡಿದ ಸಾಲುಗಳ ಮೊತ್ತವೇ ಮನಸ್ಸಿನಲ್ಲಿರುವ ಸಂಖ್ಯೆ' ಎಂಬ ಮಾತು ಪ್ರತಿಯೊಂದು ಸಾಲಿನ ಕೊನೆಯಲ್ಲಿಯೂ ಸತ್ಯ. ಬದಲಾಗುವ ಸಂಖ್ಯೆಗಳ ನಡುವೆ ಬದಲಾಗದೆ ನಿಲ್ಲುವ ಈ ಮಾತನ್ನು ಹಿಡಿದರೆ, ಕಟ್ಟಕಡೆಯಲ್ಲಿ ಬಂದುದು ಸರಿಯಾದ ಮೊತ್ತವೆಂದು ಸಾಧಿಸಬಹುದು. ಕೂಡಿಸುವಿಕೆಯು ಎಂದಾದರೂ ಮುಗಿಯುವುದೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಬೇರೆ ಸಾಧನೆಯೇ ಬೇಕು.

ಇದು ಪಂಡಿತರ ಕಾಲಕ್ಷೇಪವೆಂದು ತಳ್ಳಿಬಿಡುವಂತಿಲ್ಲ. ೧೯೯೬ರ ಜೂನ್ ೪ರಂದು ಯೂರೋಪಿನ ಅರಿಯಾನ್ ೫ ರಾಕೆಟ್ಟು ಮೇಲೇರಿದ ಸುಮಾರು ೪೦ ಸೆಕೆಂಡುಗಳಲ್ಲಿ ನಾಶವಾಯಿತು. ೬೪ ಬಿಟ್ಟುಗಳ ಸಂಖ್ಯೆಯೊಂದನ್ನು ೧೬ ಬಿಟ್ಟುಗಳ ಸ್ಥಾನಕ್ಕೆ ಇಳಿಸಲು ಹೋದಾಗ ಅದು ಅಲ್ಲಿ ಹಿಡಿಸಲಿಲ್ಲ. ಹಿಂದಿನ ಅರಿಯಾನ್ ೪ಕ್ಕೆ ಸಲ್ಲುತ್ತಿದ್ದ ಪೂರ್ವಸ್ಥಿತಿಯು ಹೊಸ ರಾಕೆಟ್ಟಿಗೆ ಸಲ್ಲಲಿಲ್ಲ. ಇನ್ನೊಂದು ನಿದರ್ಶನ: ೨೦೧೧ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಿ ಭಾಷೆಯ ಕಂಪೈಲರುಗಳನ್ನು ಪರೀಕ್ಷಿಸಿ, ಅದುವರೆಗೆ ತಿಳಿಯದಿದ್ದ ೩೨೫ಕ್ಕೂ ಹೆಚ್ಚು ದೋಷಗಳನ್ನು ಪ್ರಕಟಪಡಿಸಿದರು. ಫ್ರಾನ್ಸಿನಲ್ಲಿ ತರ್ಕದಿಂದ ಸಾಧಿಸಿ ಕಟ್ಟಿದ ಕಾಂಪ್‌ಸರ್ಟ್ ಎಂಬ ಕಂಪೈಲರಿನಲ್ಲಿ, ಸಾಧನೆಯು ವ್ಯಾಪಿಸಿದ್ದ ಮಧ್ಯಭಾಗದೊಳಗೆ, ಅನುವಾದವನ್ನು ಕೆಡಿಸುವ ಒಂದು ದೋಷವೂ ಅವರಿಗೆ ಸಿಕ್ಕಲಿಲ್ಲ.

ಇಂತಹ ಸಂಗತಿಗಳನ್ನು ಕೇಳಿದೊಡನೆ, ಕಂಪ್ಯೂಟರಿಗೆ ಸಂಸ್ಕೃತವೇ ಸರ್ವೋತ್ತಮ ಭಾಷೆಯೆಂದು ಹೆಮ್ಮೆಪಡುವವರು ನಮ್ಮ ಸಭೆಗಳಲ್ಲಿ ಬಹುಮಂದಿ. ಆ ಮಾತಿಗೆ ಆಧಾರವಾಗಿ ಉದಾಹರಿಸುವ ರಿಕ್ ಬ್ರಿಗ್ಸರ ೧೯೮೫ರ ಲೇಖನವು, ವಾಕ್ಯಾರ್ಥವನ್ನು ವಿಶ್ಲೇಷಿಸುವ ಶಾಸ್ತ್ರೀಯ ಸಂಸ್ಕೃತದ ಕ್ರಮವನ್ನು ಯಂತ್ರಬುದ್ಧಿಯ ಕ್ರಮದೊಡನೆ ಹೋಲಿಸಿತೇ ಹೊರತು, ಸಂಸ್ಕೃತದಲ್ಲಿ ಪ್ರೋಗ್ರಾಮುಗಳನ್ನು ಬರೆಯಬೇಕೆಂದು ಹೇಳಲಿಲ್ಲ. ನ್ಯಾಯಶಾಸ್ತ್ರಕ್ಕೂ ಹೋರರ ಸೂತ್ರಗಳಿಗೂ ಭೇದವುಂಟು: ನೈಯಾಯಿಕನ ವಿಷಯವು ಜ್ಞಾನ, ಅವನ ಅನುಮಾನಕ್ಕೆ ದೃಷ್ಟಾಂತವು ಬೇಕು, ಹೋರರದು ಸಂಕೇತಗಳ ಶುದ್ಧ ಗಣಿತ. ಇಲ್ಲದ ಪಿತ್ರಾರ್ಜಿತವನ್ನು ಹೇಳಿಕೊಂಡರೆ ಇರುವುದಕ್ಕೂ ಬೆಲೆಯುಳಿಯದು. ಲಕ್ಷಣವನ್ನು ಹೇಳದೆ ವಾದಕ್ಕಿಳಿಯಬಾರದು, ಹೇಳಿದ ಲಕ್ಷಣವನ್ನು ಮೂರು ದೋಷಗಳಿಂದ ಶೋಧಿಸಬೇಕು ಎಂಬ ಅಭ್ಯಾಸವೇ ನಮಗೆ ನಿಜವಾಗಿ ಬಂದ ಆಸ್ತಿ.

ತರ್ಕಕ್ಕೂ ಎಲ್ಲೆಯುಂಟು. ಬರೆದುದು ಹೇಳಿದ ಉದ್ದೇಶವನ್ನು ಈಡೇರಿಸುವುದೆಂದು ಅದು ಸಾಧಿಸಬಲ್ಲದು; ಹೇಳಿದ ಉದ್ದೇಶವೇ ಯೋಗ್ಯವೇ ಎಂಬುದನ್ನು ಮನುಷ್ಯನೇ ವಿಚಾರಿಸಬೇಕು. ಆದಕಾರಣ ಮಗಳೋ ಮೊಮ್ಮಗನೋ ಕಾರ್ಯಾಲಯದಿಂದ ಬಂದಾಗ, ಅವರ ವಿದ್ಯೆಯು ತಮಗೆ ತಿಳಿಯದೆಂದು ಹಿರಿಯರು ಸುಮ್ಮನಾಗಬೇಕಿಲ್ಲ. ನೀನು ಬರೆದ ವಾಕ್ಯಕ್ಕೆ ಪೂರ್ವಸ್ಥಿತಿ ಯಾವುದು, ಅದನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಬಹುದು. ತರ್ಕವನ್ನು ಓದಿದ ಮನೆಯಲ್ಲಿ ಕೇಳತಕ್ಕ ಪ್ರಶ್ನೆಯೇ ಅದು.